ಪೆನ್ ಡ್ರೈವ್ ಓಡಾಟ ಸಾಕು: ಹಳೇ ಕಂಪ್ಯೂಟರನ್ನೇ ಆಫೀಸಿನ ಫೈಲ್ ಮತ್ತು ಪ್ರಿಂಟ್ ಸರ್ವರ್ ಮಾಡುವುದು ಹೇಗೆ?

ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ನನ್ನ ಗೆಳೆಯನ ಒಂದು ತೆರಿಗೆ ಸಲಹಾ ಆಫೀಸಿದೆ. ಐದು ಕಂಪ್ಯೂಟರ್, ಒಂದು ಲೇಸರ್ ಪ್ರಿಂಟರ್, ಕಾರ್ಬನ್ ಪ್ರತಿ ತೆಗೆಯಲು ಒಂದು ಹಳೇ ಡಾಟ್ ಮ್ಯಾಟ್ರಿಕ್ಸ್. ಎರಡೂ ಪ್ರಿಂಟರ್ ಕಿಟಕಿ ಪಕ್ಕದ ಟೇಬಲಿನ ಕಂಪ್ಯೂಟರಿಗೆ ಜೋಡಿಸಿದ್ದವು. ಯಾರಿಗೆ ಪ್ರಿಂಟ್ ಬೇಕಾದರೂ ಫೈಲನ್ನು ಪೆನ್ ಡ್ರೈವಿಗೆ ಹಾಕಿಕೊಂಡು ಅಲ್ಲಿಗೆ ಹೋಗಬೇಕು. ಅಲ್ಲಿ ಕೂತ ಅಕ್ಕ ತಮ್ಮ ಕೆಲಸ ಬಿಟ್ಟು ಎದ್ದು ಜಾಗ ಕೊಡಬೇಕು. ಜಿಎಸ್‌ಟಿ ರಿಟರ್ನ್‌ನ ಕೊನೇ ದಿನ ಹತ್ತಿರ ಬಂದಾಗ ಅವರಿಗೆ ಕೂರಲಿಕ್ಕೇ ಆಗುತ್ತಿರಲಿಲ್ಲ. ಒಂದೇ ಪಾರ್ಟಿಯ ಲೆಕ್ಕದ ಶೀಟು ಮೂರು ಕಂಪ್ಯೂಟರಿನಲ್ಲಿ ಮೂರು ಥರ ಇರುತ್ತಿತ್ತು. ಯಾವುದು ಸರಿ ಎಂದು ಹೇಳಬೇಕಾದವರು ಅವತ್ತೇ ರಜೆ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲ ನಿಂತಿತು. ವಿಂಡೋಸ್ 11 ಹಾಕೋಣ ಎಂದರೆ ಅದು ಟಿಪಿಎಂ 2.0 ಎಂಬ ಭದ್ರತಾ ಚಿಪ್ ಕೇಳುತ್ತದೆ. ಇಂಟೆಲ್ ಆದರೆ ಸಾಮಾನ್ಯವಾಗಿ ಎಂಟನೇ ತಲೆಮಾರಿನ ಅಥವಾ ಅದಕ್ಕಿಂತ ಹೊಸ ಪ್ರೊಸೆಸರ್ ಕೇಳುತ್ತದೆ. ಗೆಳೆಯನ ಎರಡು ಕಂಪ್ಯೂಟರ್ ಅದರಲ್ಲಿ ಪಾಸಾಗಲಿಲ್ಲ. ಅವು ಚೆನ್ನಾಗಿಯೇ ಓಡುತ್ತಿದ್ದವು, ಗುಜರಿಗೆ ಹಾಕಲು ಮನಸ್ಸು ಬರಲಿಲ್ಲ. ಅಂಥ ಒಂದು ಕಂಪ್ಯೂಟರಿಗೆ ವಿಂಡೋಸ್ ಬದಲು ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಹಾಕಿ ಇಡೀ ಆಫೀಸಿನ ಫೈಲು ಮತ್ತು ಪ್ರಿಂಟರುಗಳನ್ನು ಅದಕ್ಕೆ ವಹಿಸಿದೆವು. ಮಂಡಿಪೇಟೆಯ ಅಂಗಡಿಯಲ್ಲೋ ಡಿಟಿಪಿ ಸೆಂಟರಿನಲ್ಲೋ ಇದೇ ಪ್ರಶ್ನೆ ಇರುವವರು ಬಹಳ ಜನ ಇದ್ದಾರೆ. ಈ ಏರ್ಪಾಡು ಒಳಗಡೆ ಹೇಗೆ ನಡೆಯುತ್ತದೆ ಎಂದು ಬುಡದಿಂದ ಹೇಳುತ್ತೇನೆ. ಆಜ್ಞೆಗಳ ಹೆಸರನ್ನು ಉಚ್ಚಾರದಂತೆ ಕನ್ನಡದಲ್ಲೇ ಬರೆದಿದ್ದೇನೆ. ಯಂತ್ರದಲ್ಲಿ ಅವನ್ನು ಇಂಗ್ಲಿಷ್ ಸಣ್ಣಕ್ಷರಗಳಲ್ಲಿ ಟೈಪ್ ಮಾಡಬೇಕು.

ಸರ್ವರ್ ಅಂದರೆ ಏನು?

ಸರ್ವರ್ ಎಂದ ಕೂಡಲೇ ಎಸಿ ರೂಮಿನ ದೊಡ್ಡ ಪೆಟ್ಟಿಗೆ ನೆನಪಾಗುತ್ತದೆ. ನಿಜವಾಗಿ ಸರ್ವರ್ ಅನ್ನುವುದು ಒಂದು ಕೆಲಸದ ಹೆಸರು. ಯಾರು ಕೇಳಿದರೂ ಕೊಡಲು ಸಿದ್ಧವಾಗಿ ಕೂತ ಯಾವ ಕಂಪ್ಯೂಟರಾದರೂ ಸರ್ವರ್ರೇ. ಕೇಳುವ ಕಂಪ್ಯೂಟರಿಗೆ ಕ್ಲೈಂಟ್ ಎನ್ನುತ್ತಾರೆ.

ಆಫೀಸಿನಲ್ಲಿ ಪ್ರತಿಯೊಬ್ಬರೂ ಕಾಗದಗಳನ್ನು ತಮ್ಮ ತಮ್ಮ ಡ್ರಾಯರಿನಲ್ಲಿ ಇಟ್ಟುಕೊಂಡರೆ ಏನಾಗುತ್ತದೆ? ಒಬ್ಬರು ರಜೆ ಹಾಕಿದರೆ ಆ ಡ್ರಾಯರಿಗೆ ಬೀಗ. ಅದರ ಬದಲು ಹಾಲಿನಲ್ಲಿ ಒಂದೇ ಬೀರು ಇಟ್ಟು, ಪಕ್ಕದಲ್ಲಿ ಒಬ್ಬರನ್ನು ಕೂರಿಸುತ್ತೇವೆ. ಅವರು ಯಾರು ಬಂದರು, ಯಾವ ಕಡತ ಕೇಳಿದರು, ಅದನ್ನು ಕೊಡಬಹುದಾ ಎಂದು ನೋಡಿ ಕೊಡುತ್ತಾರೆ. ಬೀರು ಅಂದರೆ ಹಾರ್ಡ್ ಡಿಸ್ಕ್. ಪಕ್ಕದಲ್ಲಿ ಕೂತವರು ಸರ್ವರ್ ಸಾಫ್ಟ್‌ವೇರ್. ಐದಾರು ಜನರ ಆಫೀಸಿಗೆ 4 ಜಿಬಿ ರ‍್ಯಾಮ್ ಇರುವ ಹಳೇ ಯಂತ್ರ ಧಾರಾಳವಾಗಿ ಸಾಕು. ಡಿಸ್ಕ್ ಮಾತ್ರ ಹೊಸದು ಹಾಕಿ. ಏಳೆಂಟು ವರ್ಷ ತಿರುಗಿದ ಡಿಸ್ಕಿನ ಮೇಲೆ ಆಫೀಸಿನ ಲೆಕ್ಕವೆಲ್ಲ ಇಡುವುದು ಬೇಡ.

ಲಿನಕ್ಸೇ ಏಕೆ? ಅದಕ್ಕೆ ದುಡ್ಡಿಲ್ಲ, ಹಳೇ ಯಂತ್ರದಲ್ಲೂ ಹಗುರವಾಗಿ ಓಡುತ್ತದೆ. ವಿಂಡೋಸ್ ಸರ್ವರ್ ಆದರೆ ಅದರ ಲೈಸೆನ್ಸ್ ಜೊತೆಗೆ ಬಳಸುವವರ ಲೆಕ್ಕದಲ್ಲಿ ಬೇರೆ ಲೈಸೆನ್ಸ್ ಬೇಕು. ನಾವು ಹಾಕಿದ್ದು ಲಿನಕ್ಸಿನ ಒಂದು ರೂಪವಾದ ಉಬುಂಟು 24.04. ಅಂದರೆ 2024ರ ಏಪ್ರಿಲ್‌ನಲ್ಲಿ ಬಂದದ್ದು. ಐದು ವರ್ಷ ಭದ್ರತಾ ಅಪ್‌ಡೇಟ್ ಸಿಗುತ್ತದೆ.

ವಿಂಡೋಸ್ ಮಾತು ಲಿನಕ್ಸಿಗೆ ಅರ್ಥವಾಗುವುದು ಹೇಗೆ?

ದನದ ಜಾತ್ರೆಯಲ್ಲಿ ವ್ಯಾಪಾರ ನೋಡಿದ್ದೀರಾ? ಟವೆಲ್ ಕೆಳಗೆ ಇಬ್ಬರು ಬೆರಳು ಹಿಡಿದುಕೊಂಡೇ ಬೆಲೆ ಕುದುರಿಸುತ್ತಾರೆ. ಯಾವ ಬೆರಳಿಗೆ ಎಷ್ಟು ಎಂದು ಇಬ್ಬರಿಗೂ ಗೊತ್ತಿದ್ದರೆ ಮಾತ್ರ ವ್ಯಾಪಾರ ಕುದುರುತ್ತದೆ. ಕಂಪ್ಯೂಟರುಗಳ ನಡುವೆಯೂ ಹೀಗೆ ಮೊದಲೇ ಒಪ್ಪಿಕೊಂಡ ಒಂದು ಸನ್ನೆಭಾಷೆ ಇರುತ್ತದೆ. ಅದಕ್ಕೆ ಪ್ರೋಟೋಕಾಲ್ ಎನ್ನುತ್ತಾರೆ. ಫೈಲು ಹಂಚಲು ವಿಂಡೋಸ್ ಬಳಸುವ ಪ್ರೋಟೋಕಾಲ್ ಹೆಸರು ಎಸ್‌ಎಂಬಿ, ಅಂದರೆ ಸರ್ವರ್ ಮೆಸೇಜ್ ಬ್ಲಾಕ್. ಇದು 1980ರ ದಶಕದಲ್ಲಿ ಐಬಿಎಂನಲ್ಲಿ ಹುಟ್ಟಿತು. ಮುಂದೆ ಬೆಳೆಸಿದ್ದು ಮೈಕ್ರೋಸಾಫ್ಟ್.

ಲಿನಕ್ಸಿಗೆ ಈ ಭಾಷೆ ಕಲಿಸುವ ಸಾಫ್ಟ್‌ವೇರ್ ಸಾಂಬಾ. ಇದರ ಕಥೆ ನನಗೆ ಬಹಳ ಇಷ್ಟ. ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಓದುತ್ತಿದ್ದ ಆಂಡ್ರ್ಯೂ ಟ್ರಿಜೆಲ್ 1991ರ ಕೊನೆಗೆ ಇದನ್ನು ಶುರು ಮಾಡಿದರು. ಅವರ ಕೈಯಲ್ಲಿ ಭಾಷೆಯ ವಿವರ ಇರಲಿಲ್ಲ. ತಂತಿಯ ಮೇಲೆ ಎರಡು ಯಂತ್ರ ಏನು ಮಾತಾಡಿಕೊಳ್ಳುತ್ತವೆ ಎಂದು ಗಮನಿಸಿ, ಅದೇ ಥರ ಉತ್ತರ ಕೊಡುವ ಪ್ರೋಗ್ರಾಂ ಬರೆದರು. ಮೊದಲಿಟ್ಟ ಹೆಸರು ಬೇರೊಂದು ಕಂಪನಿಯ ಟ್ರೇಡ್‌ಮಾರ್ಕ್ ಆಗಿತ್ತು. ಆಗ ಎಸ್, ಎಂ, ಬಿ ಅಕ್ಷರಗಳು ಅದೇ ಕ್ರಮದಲ್ಲಿ ಬರುವ ಪದಗಳನ್ನು ಕಂಪ್ಯೂಟರಿನ ಪದಪಟ್ಟಿಯಲ್ಲಿ ಹುಡುಕಿದರು. ಸಿಕ್ಕ ಪದಗಳಲ್ಲೊಂದು ಸಾಂಬಾ. ಯುರೋಪಿನ ಕೋರ್ಟು ಕಚೇರಿಯೆಲ್ಲ ಆದ ಮೇಲೆ, 2007ರ ಡಿಸೆಂಬರಿನಲ್ಲಿ, ಮೈಕ್ರೋಸಾಫ್ಟ್‌ನ ದಾಖಲೆಗಳು ಸಾಂಬಾ ಬರೆಯುವವರ ಕೈಗೆ ಸಿಗುವ ಒಪ್ಪಂದವಾಯಿತು. ಅಲ್ಲಿಯವರೆಗೆ ಹದಿನಾರು ವರ್ಷ ನಡೆದದ್ದು ಹೆಚ್ಚಾಗಿ ಕೇಳಿಸಿಕೊಂಡು ಕಲಿತ ವಿದ್ಯೆ.

ಮೊದಲು ವಿಳಾಸ ಗಟ್ಟಿ ಆಗಬೇಕು

ಆಫೀಸಿನ ರೂಟರ್ ಪ್ರತಿ ಯಂತ್ರಕ್ಕೂ 192.168.1.23 ಥರದ ಒಂದು ಐಪಿ ವಿಳಾಸ ಕೊಡುತ್ತದೆ. ಇದು ಎರವಲು. ನಾಳೆ ಬೇರೆ ಸಂಖ್ಯೆ ಸಿಗಬಹುದು. ಸಂತೆಯಲ್ಲಿ ಸಿಕ್ಕ ಜಾಗದಲ್ಲಿ ಕೂರುವ ವ್ಯಾಪಾರಿಯ ಹಾಗೆ. ಕೊಳ್ಳುವವರಿಗೆ ಅದು ನಡೆಯುತ್ತದೆ. ಎಲ್ಲರೂ ಹುಡುಕಿಕೊಂಡು ಬರಬೇಕಾದ ಸರ್ವರ್‌ಗೆ ಖಾಯಂ ಅಂಗಡಿ ಬೇಕು. ರೂಟರಿನ ಸೆಟ್ಟಿಂಗಿನಲ್ಲಿ ಈ ಯಂತ್ರಕ್ಕೆ ಯಾವಾಗಲೂ 192.168.1.10 ಎಂದು ಕಾಯ್ದಿರಿಸಿಬಿಟ್ಟರೆ ಆಯಿತು.

ಸರ್ವರನ್ನು ವೈಫೈ ಬದಲು ಕೇಬಲ್‌ನಲ್ಲಿ ಜೋಡಿಸಿ. ಆಫೀಸಿನ ಕೇಬಲ್‌ಗಳನ್ನೆಲ್ಲ ಕೂಡಿಸುವ ಪೆಟ್ಟಿಗೆಗೆ ಸ್ವಿಚ್ ಎನ್ನುತ್ತಾರೆ. ಹಳೇ 100 ಎಂಬಿಪಿಎಸ್ ಸ್ವಿಚ್ ಆದರೆ 1 ಜಿಬಿ ಫೈಲ್ ದಾಟಲು ಒಂದೂವರೆ ನಿಮಿಷದ ಹತ್ತಿರ ಹಿಡಿಯುತ್ತದೆ. ಗಿಗಾಬಿಟ್ ಸ್ವಿಚ್ ಆದರೆ ಹತ್ತು ಸೆಕೆಂಡಿನ ಆಸುಪಾಸು. ಸ್ವಿಚ್ಚಿಗೆ ಹಾಕಿದ ದುಡ್ಡು ಪ್ರತಿದಿನ ಕಣ್ಣಿಗೆ ಕಾಣುತ್ತದೆ.

ಹಂಚುವ ಕೆಲಸವೆಲ್ಲ ಒಂದು ಫೈಲಿನಲ್ಲಿ

ಸುಡೊ ಆಪ್ಟ್ ಇನ್‌ಸ್ಟಾಲ್ ಸಾಂಬಾ ಎಂಬ ಒಂದು ಆಜ್ಞೆ ಕೊಟ್ಟರೆ ಸಾಂಬಾ ಬಂದು ಕೂರುತ್ತದೆ. ಅದು ಹೇಗೆ ನಡೆದುಕೊಳ್ಳಬೇಕು ಎಂದು ಹೇಳುವುದು ಎಸ್‌ಎಂಬಿ ಡಾಟ್ ಕಾನ್ಫ್ ಎಂಬ ಒಂದು ಸಾದಾ ಪಠ್ಯದ ಫೈಲು. ನೋಟ್‌ಪ್ಯಾಡಿನಂಥ ಯಾವ ಎಡಿಟರಿನಲ್ಲಾದರೂ ತೆರೆಯಬಹುದು. ಚೌಕ ಆವರಣದಲ್ಲಿ ಒಂದೊಂದು ತಲೆಬರಹ, ಅದರ ಕೆಳಗೆ ನಾಲ್ಕೈದು ಸಾಲು. ಗ್ಲೋಬಲ್ ಎಂಬ ತಲೆಬರಹದ ಕೆಳಗಿನದು ಇಡೀ ಸರ್ವರ್‌ಗೆ ಅನ್ವಯ. ಉಳಿದ ತಲೆಬರಹಗಳು ಸಾಮಾನ್ಯವಾಗಿ ಒಂದೊಂದು ಹಂಚಿದ ಫೋಲ್ಡರ್. ಅದಕ್ಕೆ ಶೇರ್ ಎನ್ನುತ್ತಾರೆ.

ಒಂದು ಶೇರ್‌ಗೆ ಮುಖ್ಯವಾಗಿ ಮೂರು ಮಾತು ಹೇಳಬೇಕು. ಡಿಸ್ಕಿನಲ್ಲಿ ಆ ಫೋಲ್ಡರ್ ಎಲ್ಲಿದೆ, ಇದು ಪಾತ್. ಯಾರಿಗೆ ಪ್ರವೇಶ, ಇದು ವ್ಯಾಲಿಡ್ ಯೂಸರ್ಸ್. ಬರೆಯಬಹುದಾ ಅಥವಾ ಓದಲು ಮಾತ್ರವಾ, ಇದು ರೀಡ್ ಓನ್ಲಿ. ಏನೂ ಹೇಳದಿದ್ದರೆ ಸಾಂಬಾ ಓದಲು ಮಾತ್ರ ಬಿಡುತ್ತದೆ. ಎಷ್ಟೋ ಜನ ಮೊದಲು ಮುಗ್ಗರಿಸುವುದು ಇಲ್ಲೇ. ಬರೆದಾದ ಮೇಲೆ ಟೆಸ್ಟ್‌ಪಾರ್ಮ್ ಎಂಬ ಆಜ್ಞೆ ಕೊಡಿ. ಕಾಗುಣಿತ ತಪ್ಪಿದ್ದರೆ ಆ ಸಾಲನ್ನು ಅದು ತೋರಿಸುತ್ತದೆ. ಆಮೇಲೆ ಸಾಂಬಾವನ್ನು ಮತ್ತೆ ಶುರು ಮಾಡಿದರೆ ಹೊಸ ನಿಯಮ ಜಾರಿಗೆ ಬರುತ್ತದೆ.

ಗೆಳೆಯನ ಆಫೀಸಿನಲ್ಲಿ ಮೂರು ಶೇರ್ ಮಾಡಿದೆವು. ಎಲ್ಲರ ಕೆಲಸಕ್ಕೆ ಒಂದು. ಖಾಲಿ ಫಾರಂ, ಸುತ್ತೋಲೆಗಳಿಗೆ ಒಂದು, ಅದು ಎಲ್ಲರಿಗೂ ಓದಲು ಮಾತ್ರ. ಸಂಬಳ ಮತ್ತು ಆಫೀಸಿನ ಸ್ವಂತ ಲೆಕ್ಕಕ್ಕೆ ಇನ್ನೊಂದು, ಅದು ಇಬ್ಬರಿಗೆ ಮಾತ್ರ. ಟ್ಯಾಲಿಯ ಡೇಟಾ ಫೋಲ್ಡರನ್ನೂ ಶೇರ್‌ನಲ್ಲಿ ಇಡಬಹುದು. ಒಂದೇ ಸಲಕ್ಕೆ ಹಲವರು ಕೂತು ಬಳಸಲು ಟ್ಯಾಲಿಯದೇ ಬಹುಬಳಕೆದಾರರ ಲೈಸೆನ್ಸ್ ಬೇಕು, ಅದನ್ನು ಸರ್ವರ್ ಕೊಡುವುದಿಲ್ಲ. ಎಕ್ಸೆಲ್ ಶೀಟನ್ನು ಒಬ್ಬರು ತೆರೆದಿದ್ದಾಗ ಇನ್ನೊಬ್ಬರು ತೆರೆದರೆ 'ಓದಲು ಮಾತ್ರ' ಎಂಬ ಸೂಚನೆ ಬರುತ್ತದೆ. ಅದು ದೋಷವಲ್ಲ. ಒಬ್ಬರು ಬರೆದದ್ದರ ಮೇಲೆ ಇನ್ನೊಬ್ಬರು ಬರೆದು ಅಳಿಸಿಬಿಡದಿರಲಿ ಎಂದು ಹಾಕುವ ಬೀಗ ಅದು.

ಒಂದು ಫೈಲಿಗೆ ಎಷ್ಟು ಬಾಗಿಲು?

ಈ ವಿಷಯದಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುತ್ತೀರಿ ಎಂದರೆ ಅದು ಇದಾಗಿರಲಿ. ಚಿತ್ರದುರ್ಗದ ಏಳು ಸುತ್ತಿನ ಕೋಟೆ ಹತ್ತಿದ್ದೀರಲ್ಲ? ಒಂದು ಬಾಗಿಲು ದಾಟಿದರೆ ಇನ್ನೊಂದು. ಹೊರಗಿನ ಕಾವಲುಗಾರ ಬಿಟ್ಟ ಮಾತ್ರಕ್ಕೆ ಒಳಗಿನವನು ಬಿಡಬೇಕೆಂದಿಲ್ಲ. ಸರ್ವರಿನಲ್ಲಿ ಇರುವ ಫೈಲೂ ಹಾಗೆಯೇ, ಸುತ್ತಿನೊಳಗೆ ಸುತ್ತು. ಯಾವ ಬಾಗಿಲು ತಡೆಯುತ್ತಿದೆ ಎಂದು ತಿಳಿದರೆ ಅರ್ಧ ರಿಪೇರಿ ಮುಗಿದಂತೆ.

ಎಲ್ಲಕ್ಕಿಂತ ಹೊರಗಿನದು ನೆಟ್‌ವರ್ಕ್. ಕೇಬಲ್ ಸರಿ ಇದೆಯಾ, ವಿಳಾಸ ಸಿಗುತ್ತದಾ. ಅದರ ಒಳಗೆ ಫೈರ್‌ವಾಲ್, ಅಂದರೆ ಯಾವ ಸಂಪರ್ಕ ಬಿಡಬೇಕು, ಯಾವುದು ಬೇಡ ಎಂದು ನೋಡುವ ಕಾವಲು. ಎಸ್‌ಎಂಬಿ ಮಾತುಕತೆ ನಡೆಯುವುದು 445 ಎಂಬ ಪೋರ್ಟಿನಲ್ಲಿ, ಅಂದರೆ ಆ ನಂಬರಿನ ಕಿಟಕಿಯಲ್ಲಿ. ಈ ಕಿಟಕಿ ಆಫೀಸಿನ ಒಳಗಿನವರಿಗೆ ಮಾತ್ರ ತೆರೆದಿರಬೇಕು. ಮನೆಯಿಂದಲೂ ಫೈಲು ನೋಡೋಣ ಎಂದು ರೂಟರಿನಲ್ಲಿ 445ನ್ನು ಇಂಟರ್ನೆಟ್ಟಿಗೆ ತೆರೆದಿಡಲೇಬೇಡಿ. ಆ ಅಗತ್ಯಕ್ಕೆ ವೈರ್‌ಗಾರ್ಡ್‌ನಂಥ ವಿಪಿಎನ್ ಇದೆ, ಅಂದರೆ ಹೊರಗಿನಿಂದ ಆಫೀಸಿನ ನೆಟ್‌ವರ್ಕಿಗೆ ಬರುವ ಭದ್ರವಾದ ಗುಪ್ತ ದಾರಿ.

ಮುಂದಿನ ಬಾಗಿಲು ಭಾಷೆಯ ಆವೃತ್ತಿಯದು. ಎಸ್‌ಎಂಬಿಯ ಮೊದಲ ಆವೃತ್ತಿ ತೀರಾ ಹಳತು. 2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ಎಂಬ ಕುತಂತ್ರಾಂಶ ಲೋಕದ ತುಂಬ ಕಂಪ್ಯೂಟರುಗಳನ್ನು ಲಾಕ್ ಮಾಡಿ ದುಡ್ಡು ಕೇಳಿತಲ್ಲ, ಅದು ಒಂದು ಯಂತ್ರದಿಂದ ಇನ್ನೊಂದಕ್ಕೆ ಹರಡಿದ್ದು ವಿಂಡೋಸಿನ ಎಸ್‌ಎಂಬಿ 1ರಲ್ಲಿದ್ದ ದೋಷದಿಂದ. 2019ರ ಸಾಂಬಾ 4.11ರಿಂದ ಈಚೆಗೆ ಆ ಆವೃತ್ತಿ ಮೊದಲಿಂದಲೇ ಮುಚ್ಚಿರುತ್ತದೆ. ಆಫೀಸಿನ ಹಳೇ ಜೆರಾಕ್ಸ್ ಮೆಷಿನ್ನಿನಿಂದ ಸ್ಕ್ಯಾನ್ ಫೈಲು ಬರುತ್ತಿಲ್ಲ ಎಂದು ಕೆಲವರು ಅದನ್ನು ಮತ್ತೆ ತೆರೆಯುತ್ತಾರೆ. ಕೋಟೆಯ ಗೋಡೆ ಎಷ್ಟು ಗಟ್ಟಿ ಇದ್ದರೂ ಹೈದರಾಲಿಯ ಸೈನಿಕರು ನುಸುಳಲು ನೋಡಿದ್ದು ಒಂದು ಸಣ್ಣ ಕಿಂಡಿಯಲ್ಲಿ. ಅಲ್ಲಿ ಒನಕೆ ಹಿಡಿದು ನಿಲ್ಲಲು ಓಬವ್ವ ಇದ್ದಳು. ನಮ್ಮ ಸರ್ವರಿನ ಕಿಂಡಿಯಲ್ಲಿ ಯಾರೂ ಇರುವುದಿಲ್ಲ. ಸ್ಕ್ಯಾನ್ ಆದದ್ದನ್ನು ಮೇಲ್‌ಗೆ ಕಳಿಸಿಕೊಳ್ಳಿ, ಆ ಕಿಂಡಿ ಮುಚ್ಚಿಯೇ ಇರಲಿ.

ಇನ್ನೂ ಒಳಗೆ ಹೆಸರು ಮತ್ತು ಪಾಸ್‌ವರ್ಡ್. ಲಿನಕ್ಸಿನಲ್ಲಿ ಒಬ್ಬರ ಖಾತೆ ತೆರೆದು ಪಾಸ್‌ವರ್ಡ್ ಕೊಟ್ಟಿರುತ್ತೀರಿ, ಆದರೂ ವಿಂಡೋಸಿನಿಂದ ಬಂದಾಗ ಅದು ನಡೆಯುವುದಿಲ್ಲ. ಏಕೆ? ವಿಂಡೋಸ್ ತನ್ನ ಪಾಸ್‌ವರ್ಡನ್ನು ತಂತಿಯ ಮೇಲೆ ಕಳಿಸುವುದೇ ಇಲ್ಲ. ಸರ್ವರ್ ಪ್ರತಿಸಲ ಒಂದು ಹೊಸ ಸಂಖ್ಯೆ ಕೊಡುತ್ತದೆ. ವಿಂಡೋಸ್ ಪಾಸ್‌ವರ್ಡ್ ಬಳಸಿ ಅದಕ್ಕೊಂದು ಉತ್ತರ ಲೆಕ್ಕ ಹಾಕಿ ಕಳಿಸುತ್ತದೆ. ಆ ಉತ್ತರ ಸರಿಯಾ ಎಂದು ನೋಡಲು ಸರ್ವರ್ ಬಳಿ ಪಾಸ್‌ವರ್ಡಿನ ಒಂದು ಬೇರೆಯೇ ರೂಪ ಇರಬೇಕು. ಲಿನಕ್ಸ್ ತನಗಾಗಿ ಇಟ್ಟುಕೊಳ್ಳುವ ರೂಪ ಇದಕ್ಕೆ ಒದಗದು. ಆದ್ದರಿಂದ ಸಾಂಬಾಕ್ಕೆ ಪ್ರತ್ಯೇಕ ಪಟ್ಟಿ. ಎಸ್‌ಎಂಬಿಪಾಸ್‌ಡಬ್ಲ್ಯುಡಿ ಎಂಬ ಆಜ್ಞೆಯಿಂದ ಪ್ರತಿಯೊಬ್ಬರನ್ನೂ ಅದಕ್ಕೆ ಸೇರಿಸಬೇಕು. ಪಾಸ್‌ವರ್ಡೇ ಇಲ್ಲದೆ ಗೆಸ್ಟ್ ಆಗಿ ಎಲ್ಲರನ್ನೂ ಬಿಟ್ಟರೆ ಸುಲಭ ಅಲ್ವಾ ಎಂದು ಗೆಳೆಯ ಕೇಳಿದ. 2024ರಲ್ಲಿ ಬಂದ ವಿಂಡೋಸ್ 11 ಪ್ರೊದ 24ಎಚ್2 ಆವೃತ್ತಿಯಲ್ಲಿ ಗೆಸ್ಟ್ ಪ್ರವೇಶ ಮೊದಲಿಂದಲೇ ಬಂದ್. ಅದೂ ಅಲ್ಲದೆ ಪಾರ್ಟಿಗಳ ಪ್ಯಾನ್, ಆಧಾರ್ ಪ್ರತಿ ಇಟ್ಟುಕೊಂಡ ಆಫೀಸಿಗೆ ಆ ದಾರಿ ಸರಿಯೇ ಅಲ್ಲ.

ಪಾಸ್‌ವರ್ಡ್ ದಾಟಿದರೆ ಶೇರ್‌ನ ನಿಯಮ. ಅದೂ ದಾಟಿದರೆ ಕೊನೆಯದು, ಎಲ್ಲರಿಗೂ ಮರೆತುಹೋಗುವಂಥದು: ಲಿನಕ್ಸ್ ಫೋಲ್ಡರಿನ ಸ್ವಂತ ಅನುಮತಿ. ಸಾಂಬಾ 'ಬರೆಯಬಹುದು' ಎಂದರೂ ಲಿನಕ್ಸ್ 'ಬೇಡ' ಎಂದರೆ ಬೇಡವೇ ನಿಲ್ಲುತ್ತದೆ.

ಆ 770 ಎಂಬ ಸಂಖ್ಯೆಯ ಗುಟ್ಟು

ಲಿನಕ್ಸಿನಲ್ಲಿ ಪ್ರತಿ ಫೈಲಿಗೂ ಒಬ್ಬ ಒಡೆಯ, ಒಂದು ಗುಂಪು ಇರುತ್ತದೆ. ಉಳಿದವರೆಲ್ಲ ಮೂರನೆಯ ವರ್ಗ. ಮೂವರಿಗೂ ಒಂದೊಂದು ಅಂಕಿ. ಓದಲು 4, ಬರೆಯಲು 2, ನಡೆಸಲು 1. ಫೋಲ್ಡರ್ ವಿಷಯದಲ್ಲಿ ಆ 1ಕ್ಕೆ 'ಒಳಗೆ ಕಾಲಿಡಬಹುದು' ಎಂದು ಅರ್ಥ. ಕೂಡಿದರೆ 7, ಅಂದರೆ ಎಲ್ಲವೂ. ಹಾಗಾಗಿ 770 ಎಂದರೆ ಒಡೆಯನಿಗೆ ಎಲ್ಲ, ಗುಂಪಿಗೆ ಎಲ್ಲ, ಹೊರಗಿನವರಿಗೆ ಏನೂ ಇಲ್ಲ. ಆಫೀಸಿನವರನ್ನೆಲ್ಲ ಒಂದು ಗುಂಪಿಗೆ ಸೇರಿಸಿ ಫೋಲ್ಡರನ್ನು ಆ ಗುಂಪಿಗೆ ಕೊಟ್ಟರೆ ಮುಗಿಯಿತು ಎಂದು ನಾನು ಅಂದುಕೊಂಡಿದ್ದೆ.

ಸೋಮವಾರ ಬೆಳಗ್ಗೆ ಫೋನ್ ಬಂತು. "ಅಣ್ಣಾ, ನಾನು ಮಾಡಿಟ್ಟ ಶೀಟು ಅವರಿಗೆ ಕಾಣುತ್ತದೆ, ಆದರೆ ಸೇವ್ ಆಗುತ್ತಿಲ್ಲ." ಎರಡು ಕಾರಣ ಇದ್ದವು. ಹೊಸ ಫೈಲು ಹುಟ್ಟಿದಾಗ ಅದು ಫೋಲ್ಡರಿನ ಗುಂಪಿಗೆ ಸೇರುವುದಿಲ್ಲ, ಮಾಡಿದವರ ಸ್ವಂತ ಗುಂಪಿಗೆ ಸೇರುತ್ತದೆ. ಜೊತೆಗೆ ಬೇರೆ ಏನೂ ಹೇಳದಿದ್ದರೆ ಸಾಂಬಾ ಹೊಸ ಫೈಲಿಗೆ ಹಾಕುವ ಮಿತಿ 0744. ಮೊದಲ 0 ಬಿಟ್ಟು ಉಳಿದ ಮೂರರಲ್ಲಿ ಮಧ್ಯದ ಅಂಕಿ ನೋಡಿ, 4. ಗುಂಪಿನವರು ಓದಬಹುದು ಅಷ್ಟೇ. ಪರಿಹಾರವೂ ಎರಡು. ಫೋಲ್ಡರಿನ ಅನುಮತಿಯನ್ನು 2770 ಮಾಡಬೇಕು. ಮುಂದಿನ ಆ 2, 'ಇಲ್ಲಿ ಹುಟ್ಟುವುದೆಲ್ಲ ಈ ಫೋಲ್ಡರಿನ ಗುಂಪಿಗೇ ಸೇರಲಿ' ಎನ್ನುವ ಗುರುತು. ಆಮೇಲೆ ಶೇರ್‌ನ ಕೆಳಗೆ ಕ್ರಿಯೇಟ್ ಮಾಸ್ಕ್ 0660, ಡೈರೆಕ್ಟರಿ ಮಾಸ್ಕ್ 2770 ಎಂದು ಎರಡು ಸಾಲು. ಆವತ್ತಿನಿಂದ ಆ ದೂರು ಬಂದಿಲ್ಲ. ಫೆಡೋರಾ ಅಥವಾ ರಾಕಿ ಲಿನಕ್ಸ್ ಹಾಕಿದವರಿಗೆ ಎಸ್‌ಇಲಿನಕ್ಸ್ ಎಂಬ ಇನ್ನೊಂದು ಕಾವಲು ಇರುತ್ತದೆ. ಫೋಲ್ಡರಿಗೆ ಸಾಂಬಾ ಶೇರ್ ಎಂಬ ಲೇಬಲ್ ಹಾಕದಿದ್ದರೆ ಉಳಿದೆಲ್ಲ ಸರಿ ಇದ್ದರೂ ಅದು ಬಿಡದು.

ಬಾಗಿಲು ತೆರೆಯದಿದ್ದರೆ

ವಿಂಡೋಸ್ ಕೊಡುವ ತಪ್ಪಿನ ಸಂದೇಶವೇ ಯಾವ ಸುತ್ತಿನಲ್ಲಿ ಸಿಕ್ಕಿಕೊಂಡಿದ್ದೀರಿ ಎಂದು ಹೇಳುತ್ತದೆ. ನೆಟ್‌ವರ್ಕ್ ಪಾತ್ ಸಿಗಲಿಲ್ಲ ಎಂದರೆ ಹೊರಗಿನ ಬಾಗಿಲು: ಕೇಬಲ್, ವಿಳಾಸ, ಫೈರ್‌ವಾಲ್, ಸಾಂಬಾ ಓಡುತ್ತಿದೆಯಾ ಎಂದು ನೋಡಿ. ಹೆಸರು ಅಥವಾ ಪಾಸ್‌ವರ್ಡ್ ತಪ್ಪು ಎಂದರೆ ನಡುವಿನದು. ಆಕ್ಸೆಸ್ ಡಿನೈಡ್ ಎಂದರೆ ಒಳಗಿನ ಎರಡು ಬಾಗಿಲಲ್ಲಿ ಒಂದು. ಸಂದೇಶ ಓದದೆ ಎಲ್ಲವನ್ನೂ ಒಟ್ಟಿಗೆ ಬದಲಿಸಲು ಹೋದರೆ ಯಾವುದರಿಂದ ಸರಿಯಾಯಿತು ಎಂದೇ ತಿಳಿಯುವುದಿಲ್ಲ. ಹತಾಶೆಯಲ್ಲಿ ಫೋಲ್ಡರಿಗೆ 777 ಕೊಟ್ಟು ಕೈತೊಳೆದುಕೊಂಡವರನ್ನೂ ನೋಡಿದ್ದೇನೆ. ಅದು ಕೋಟೆಯ ಒಳಬಾಗಿಲನ್ನೇ ಕಿತ್ತಿಟ್ಟಂತೆ.

ವಿಂಡೋಸಿನ ನೆಟ್‌ವರ್ಕ್ ಕಿಟಕಿಯಲ್ಲಿ ಸರ್ವರ್ ಕಾಣದಿದ್ದರೆ ಹೆದರಬೇಡಿ. ಹಾಗೆ ತೋರಿಸುವ ಹಳೇ ವಿಧಾನ ಎಸ್‌ಎಂಬಿ 1ರ ಜೊತೆಗೇ ಹೋಯಿತು. ಡಬ್ಲ್ಯುಎಸ್‌ಡಿಡಿ ಎಂಬ ಸಣ್ಣ ಪ್ರೋಗ್ರಾಂ ಹಾಕಿದರೆ ಮತ್ತೆ ಕಾಣುತ್ತದೆ. ಅದಿಲ್ಲದೆಯೂ ವಿಳಾಸದ ಪಟ್ಟಿಯಲ್ಲಿ \\192.168.1.10 ಎಂದು ಟೈಪ್ ಮಾಡಿದರೆ ಸಾಕು. ಇನ್ನೊಂದು ತೊಡಕು ಬಹಳ ಜನರನ್ನು ಕಾಡುತ್ತದೆ. ವಿಂಡೋಸ್ ಒಂದು ಸರ್ವರ್ ಜೊತೆ ಒಂದು ಸಲಕ್ಕೆ ಒಂದೇ ಹೆಸರಿನಲ್ಲಿ ಮಾತಾಡುತ್ತದೆ. ಮೊದಲು ಬೇರೆ ಹೆಸರಿನಲ್ಲಿ ಒಳಗೆ ಹೋಗಿದ್ದರೆ ಆಮೇಲೆ ಸರಿಯಾದ ಹೆಸರು ಕೊಟ್ಟರೂ ಒಪ್ಪುವುದಿಲ್ಲ. ಕ್ರೆಡೆನ್ಶಿಯಲ್ ಮ್ಯಾನೇಜರಿನಲ್ಲಿ ಉಳಿದ ಹಳೇ ಹೆಸರು ಅಳಿಸಿ, ಲಾಗಾಫ್ ಆಗಿ ಬನ್ನಿ.

ಪ್ರಿಂಟರಿನ ಸರದಿ

ಬೆಣ್ಣೆದೋಸೆ ಹೋಟೆಲಿಗೆ ಭಾನುವಾರ ಬೆಳಗ್ಗೆ ಹೋಗಿ. ಕಾವಲಿ ಒಂದೇ, ಟೇಬಲ್ ಹತ್ತು. ನೀವು ಕಾವಲಿ ಮುಂದೆ ನಿಲ್ಲಬೇಕಿಲ್ಲ. ಆರ್ಡರ್ ಹೇಳಿ ಮಾತಾಡುತ್ತಾ ಕೂರುತ್ತೀರಿ. ಆರ್ಡರ್ ಸಾಲಿನಲ್ಲಿ ಸೇರಿಕೊಂಡು, ನಿಮ್ಮ ಸರದಿಗೆ ದೋಸೆ ಬರುತ್ತದೆ. ಪ್ರಿಂಟ್ ಸರ್ವರ್ ಮಾಡುವುದೂ ಅದನ್ನೇ. ಐದು ಜನ ಒಟ್ಟಿಗೆ ಪ್ರಿಂಟ್ ಒತ್ತಿದರೂ ಅದು ಎಲ್ಲವನ್ನೂ ತನ್ನ ಡಿಸ್ಕಿನಲ್ಲಿ ಇಳಿಸಿಕೊಂಡು ಒಂದೊಂದಾಗಿ ಪ್ರಿಂಟರಿಗೆ ಕೊಡುತ್ತದೆ. ಈ ಸಾಲಿಗೆ ಕ್ಯೂ ಎಂದೂ, ಇಳಿಸಿಕೊಳ್ಳುವುದಕ್ಕೆ ಸ್ಪೂಲಿಂಗ್ ಎಂದೂ ಹೆಸರು. ಕಾಗದ ಮುಗಿದರೆ ಕೆಲಸ ಕಳೆದುಹೋಗುವುದಿಲ್ಲ, ಸಾಲಿನಲ್ಲಿ ಕಾಯುತ್ತದೆ.

ಲಿನಕ್ಸಿನಲ್ಲಿ ಈ ಕೆಲಸ ಮಾಡುವುದು ಕಪ್ಸ್. ಮೈಕೆಲ್ ಸ್ವೀಟ್ ಶುರು ಮಾಡಿದ ಇದು 1999ರಲ್ಲಿ ಹೊರಬಂತು. 2007ರಲ್ಲಿ ಆಪಲ್ ಕೊಂಡುಕೊಂಡಿತು, ಮ್ಯಾಕ್ ಯಂತ್ರಗಳೂ ಇದನ್ನೇ ಬಳಸುತ್ತವೆ. ಲಿನಕ್ಸಿಗಾಗಿ ಈಗ ಇದನ್ನು ನೋಡಿಕೊಳ್ಳುತ್ತಿರುವುದು ಓಪನ್‌ಪ್ರಿಂಟಿಂಗ್ ತಂಡ. ಬ್ರೌಸರಿನಲ್ಲಿ ಸರ್ವರಿನ ವಿಳಾಸದ ಮುಂದೆ 631 ಎಂಬ ಪೋರ್ಟ್ ಹಾಕಿದರೆ ಕಪ್ಸ್‌ನ ಪುಟ ತೆರೆಯುತ್ತದೆ. ಮೊದಲಿಗೆ ಆ ಪುಟ ಸರ್ವರ್ ಯಂತ್ರದಲ್ಲಿ ಮಾತ್ರ ತೆರೆಯುತ್ತದೆ. ಆಫೀಸಿನ ಉಳಿದ ಯಂತ್ರಗಳಿಗೂ ಅನುಮತಿ ಕೊಟ್ಟು, ಪ್ರಿಂಟರನ್ನು ಹಂಚಲು ಗುರುತು ಹಾಕಬೇಕು.

ಡ್ರೈವರ್ ಎಂದರೇನು? ಪ್ರಿಂಟರಿಗೆ ವರ್ಡ್ ಫೈಲು ಅರ್ಥವಾಗುವುದಿಲ್ಲ. ಪುಟವನ್ನು ಅದರ ಭಾಷೆಗೆ ತಿರುಗಿಸಿ ಹೇಳುವ ದುಭಾಷಿಯೇ ಡ್ರೈವರ್. ಈಚಿನ ನೆಟ್‌ವರ್ಕ್ ಪ್ರಿಂಟರುಗಳಲ್ಲಿ ಹೆಚ್ಚಿನವು ಐಪಿಪಿ ಎಂಬ ಸಾಮಾನ್ಯ ಭಾಷೆ ಆಡುತ್ತವೆ. ತಮ್ಮ ಕೈಲಿ ಏನೇನು ಆಗುತ್ತದೆ ಎಂದು ತಾವೇ ಹೇಳಿಕೊಳ್ಳುತ್ತವೆ, ಬೇರೆ ಡ್ರೈವರ್ ಬೇಡ. ಎಚ್‌ಪಿಯ ಬಹಳಷ್ಟು ಹಳೇ ಪ್ರಿಂಟರುಗಳಿಗೆ ಎಚ್‌ಪಿಎಲ್‌ಐಪಿ ಎಂಬ ಲಿನಕ್ಸ್ ಡ್ರೈವರ್ ಇದೆ. ಕೆಲವು ಅಗ್ಗದ ಹಳೇ ಲೇಸರ್ ಪ್ರಿಂಟರುಗಳು ಮಾತ್ರ ಕಂಪನಿಯ ವಿಂಡೋಸ್ ಡ್ರೈವರ್ ಇಲ್ಲದೆ ಮಿಸುಕುವುದಿಲ್ಲ. ಆದ್ದರಿಂದ ಸರ್ವರ್ ಕೆಲಸ ಶುರು ಮಾಡುವ ಮೊದಲೇ ಓಪನ್‌ಪ್ರಿಂಟಿಂಗ್ ತಾಣದಲ್ಲಿ ನಿಮ್ಮ ಮಾಡೆಲ್ ಇದೆಯಾ ಎಂದು ನೋಡಿಕೊಳ್ಳಿ.

ವಿಂಡೋಸ್ ಯಂತ್ರಗಳಿಗೆ ಪ್ರಿಂಟರ್ ತಲುಪಿಸಲು ಎರಡು ದಾರಿ. ಹಳೆಯದು ಸಾಂಬಾ ಮೂಲಕ. 2021ರಲ್ಲಿ ಪ್ರಿಂಟ್‌ನೈಟ್‌ಮೇರ್ ಎಂಬ ಭದ್ರತಾ ದೋಷ ಬಯಲಾದ ಮೇಲೆ, ಹಂಚಿದ ಪ್ರಿಂಟರಿನ ಡ್ರೈವರ್ ಹಾಕಲು ವಿಂಡೋಸ್ ಅಡ್ಮಿನ್ ಅನುಮತಿ ಕೇಳುತ್ತದೆ. ಸಣ್ಣ ಆಫೀಸಿಗೆ ಎರಡನೆಯದೇ ಸಲೀಸು. ಆಡ್ ಪ್ರಿಂಟರ್ ಎಂಬಲ್ಲಿ ಕಪ್ಸ್‌ನ ವಿಳಾಸ, 631, ಪ್ರಿಂಟರಿನ ಹೆಸರು ಕೊಟ್ಟು ನೇರವಾಗಿ ಐಪಿಪಿಯಲ್ಲೇ ಜೋಡಿಸುವುದು. ಕಾರ್ಬನ್ ಬಿಲ್ಲಿನ ಡಾಟ್ ಮ್ಯಾಟ್ರಿಕ್ಸ್‌ಗೆ ನಾವು ರಾ ಕ್ಯೂ ಮಾಡಿದೆವು. ಅಂದರೆ ಸರ್ವರ್ ಏನನ್ನೂ ಬದಲಿಸದೆ, ಬಂದದ್ದನ್ನು ಬಂದ ಹಾಗೇ ಪ್ರಿಂಟರಿಗೆ ದಾಟಿಸುತ್ತದೆ. ಅನುವಾದವೆಲ್ಲ ವಿಂಡೋಸ್ ಡ್ರೈವರಿನದು.

ನುಡಿಯಲ್ಲಿ ಟೈಪ್ ಮಾಡಿದ ಫೈಲುಗಳ ಗತಿ?

ಕನ್ನಡದ ಆಫೀಸುಗಳಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ. ಯುನಿಕೋಡ್ ಕನ್ನಡದಲ್ಲಿ, ಅಂದರೆ ಎಲ್ಲ ಯಂತ್ರಗಳೂ ಒಪ್ಪಿಕೊಂಡ ಅಕ್ಷರ ಸಂಕೇತದಲ್ಲಿ, ಫೈಲಿನ ಹೆಸರು ಇಟ್ಟರೆ ಸಾಂಬಾ ಅದನ್ನು ಸರಿಯಾಗಿ ಉಳಿಸಿಕೊಳ್ಳುತ್ತದೆ, ಎಲ್ಲ ಯಂತ್ರದಲ್ಲೂ ಸರಿಯಾಗಿ ತೋರಿಸುತ್ತದೆ. ಯುನಿಕೋಡ್ ಅಲ್ಲದ ಹಳೇ ನುಡಿ ಫಾಂಟಿನ ಪತ್ರಗಳ ವಿಷಯ ಬೇರೆ. ಅವುಗಳ ಒಳಗಿರುವುದು ಕನ್ನಡದ ಸಂಕೇತವೇ ಅಲ್ಲ, ಆ ಫಾಂಟ್ ಇದ್ದಾಗ ಮಾತ್ರ ಕನ್ನಡವಾಗಿ ಕಾಣುತ್ತದೆ. ಸರ್ವರ್ ಫೈಲು ಕೊಡುತ್ತದೆ, ಫಾಂಟ್ ಕೊಡುವುದಿಲ್ಲ. ಹಾಗಾಗಿ ಆ ಪತ್ರ ತೆರೆಯುವ ಪ್ರತಿ ಕಂಪ್ಯೂಟರಿನಲ್ಲೂ ನುಡಿ ಫಾಂಟ್ ಇರಬೇಕು. ಪ್ರಿಂಟ್ ಮಾಡುವಾಗ ಪುಟ ಸಿದ್ಧವಾಗುವುದು ನಿಮ್ಮ ಕಂಪ್ಯೂಟರಿನಲ್ಲೇ. ಅದಕ್ಕೇ ಸರ್ವರಿನಲ್ಲಿ ಫಾಂಟ್ ಇಲ್ಲದಿದ್ದರೂ ಕನ್ನಡ ಸರಿಯಾಗಿ ಬರುತ್ತದೆ.

ಹಂಚಿಕೆ ಬೇರೆ, ಬ್ಯಾಕಪ್ ಬೇರೆ

ಎಲ್ಲವೂ ಒಂದೇ ಬೀರುವಿನಲ್ಲಿ ಇದೆ ಎಂದರೆ ಆ ಬೀರುವಿಗೆ ಏನಾದರೂ ಆದರೆ ಎಲ್ಲವೂ ಹೋಯಿತು ಎಂದೇ ಅರ್ಥ. ವಿಂಡೋಸಿನಲ್ಲಿ ಅಳಿಸಿದ ಫೈಲು ರೀಸೈಕಲ್ ಬಿನ್‌ಗೆ ಹೋಗುತ್ತದೆ. ನೆಟ್‌ವರ್ಕ್ ಶೇರ್‌ನಿಂದ ಅಳಿಸಿದರೆ ಅಲ್ಲಿಗೆ ಹೋಗುವುದಿಲ್ಲ, ನೇರವಾಗಿ ಹೋಗಿಬಿಡುತ್ತದೆ. ಸಾಂಬಾದಲ್ಲಿ ರೀಸೈಕಲ್ ಎಂಬ ಮಾಡ್ಯೂಲ್ ಇದೆ, ಶೇರ್‌ನ ಕೆಳಗೆ ಒಂದೆರಡು ಸಾಲು ಸೇರಿಸಿದರೆ ಅಳಿಸಿದ್ದು ಒಂದು ಮರೆಯ ಫೋಲ್ಡರಿನಲ್ಲಿ ಉಳಿಯುತ್ತದೆ. ಕೈತಪ್ಪಿಗೆ ಅದು ಸಾಕು. ಡಿಸ್ಕ್ ಕೆಟ್ಟರೆ, ಯಾವುದೋ ಕಂಪ್ಯೂಟರಿಗೆ ಬಂದ ವೈರಸ್ ಶೇರ್‌ನ ಫೈಲುಗಳನ್ನೂ ಲಾಕ್ ಮಾಡಿದರೆ ಅದು ಸಾಲದು.

ಅದಕ್ಕೆ ಪ್ರತಿ ರಾತ್ರಿ ಆರ್‌ಸಿಂಕ್ ಓಡಿಸುತ್ತೇವೆ. ಇದನ್ನು 1996ರಲ್ಲಿ ಹೊರತಂದವರು ಅದೇ ಆಂಡ್ರ್ಯೂ ಟ್ರಿಜೆಲ್ ಮತ್ತು ಪಾಲ್ ಮ್ಯಾಕೆರಸ್. ಬದಲಾದ ಫೈಲುಗಳನ್ನು ಮಾತ್ರ ಅದು ಯುಎಸ್‌ಬಿ ಡಿಸ್ಕಿಗೆ ನಕಲು ಮಾಡುತ್ತದೆ. ಲಿಂಕ್-ಡೆಸ್ಟ್ ಎಂಬ ಆಯ್ಕೆ ಕೊಟ್ಟರೆ, ಬದಲಾಗದವಕ್ಕೆ ನಿನ್ನೆಯ ನಕಲಿನತ್ತ ಒಂದು ಕೊಂಡಿ ಹಾಕುತ್ತದೆ. ಹೀಗೆ ಪ್ರತಿ ದಿನಾಂಕಕ್ಕೂ ಒಂದು ಪೂರ್ತಿ ಫೋಲ್ಡರ್ ಸಿಗುತ್ತದೆ, ಜಾಗವೂ ಹೆಚ್ಚು ಹಿಡಿಯದು. ಡಿಸ್ಕ್ ಎರಡು ಇರಲಿ. ಒಂದು ಸರ್ವರಿನಲ್ಲಿ, ಇನ್ನೊಂದು ಯಜಮಾನರ ಮನೆಯಲ್ಲಿ. ಶನಿವಾರ ಸಂಜೆ ಅದಲು ಬದಲು. ತಿಂಗಳಿಗೊಮ್ಮೆ ಒಂದು ಹಳೇ ಫೈಲನ್ನು ಬ್ಯಾಕಪ್ಪಿನಿಂದ ತೆಗೆದು ತೆರೆದು ನೋಡಿ. ಬ್ಯಾಕಪ್ ಸರಿಯಾಗಿದೆ ಎಂದು ಗೊತ್ತಾಗುವುದು ಹಾಗೆ ಮಾತ್ರ.

ಕರೆಂಟ್ ಹೋದಾಗ

ಬರೆಯುತ್ತಿರುವಾಗಲೇ ಕರೆಂಟ್ ಹೋದರೆ ಫೈಲು ಅರ್ಧಕ್ಕೆ ನಿಲ್ಲಬಹುದು. ಸರ್ವರ್, ರೂಟರ್, ಸ್ವಿಚ್ ಮೂರಕ್ಕೂ ಯುಪಿಎಸ್ ಕೊಡಿ. ಲೇಸರ್ ಪ್ರಿಂಟರನ್ನು ಅದಕ್ಕೆ ಹಾಕಬೇಡಿ, ಬಿಸಿಯಾಗುವಾಗ ಅದು ಎಳೆಯುವ ಕರೆಂಟನ್ನು ಸಣ್ಣ ಯುಪಿಎಸ್ ತಡೆದುಕೊಳ್ಳುವುದಿಲ್ಲ. ಯುಪಿಎಸ್‌ಗೆ ಯುಎಸ್‌ಬಿ ಕೇಬಲ್ ಇದ್ದರೆ ಅದನ್ನು ಸರ್ವರಿಗೆ ಜೋಡಿಸಿ, ನಟ್ ಎಂಬ ಪ್ರೋಗ್ರಾಂ ಹಾಕಿ. ಬ್ಯಾಟರಿ ತಗ್ಗಿದಾಗ ಅದು ಸರ್ವರನ್ನು ಕ್ರಮವಾಗಿ ಆಫ್ ಮಾಡುತ್ತದೆ.

ಕರೆಂಟ್ ಬಂದ ಮೇಲೆ ತಾನಾಗಿಯೇ ಆನ್ ಆಗಲು ಬಯೋಸ್‌ನಲ್ಲಿ, ಅಂದರೆ ಮದರ್‌ಬೋರ್ಡಿನ ಸ್ವಂತ ಸೆಟ್ಟಿಂಗಿನಲ್ಲಿ, ಒಂದು ಆಯ್ಕೆ ಇರುತ್ತದೆ. ಆದರೆ ಸರ್ವರ್ ಆಫ್ ಆದ ಮೇಲೂ ಯುಪಿಎಸ್ ಕರೆಂಟ್ ಕೊಡುತ್ತಲೇ ಇದ್ದರೆ, ಕರೆಂಟ್ ಹೋಗಿ ಬಂದದ್ದು ಮದರ್‌ಬೋರ್ಡಿಗೆ ತಿಳಿಯುವುದೇ ಇಲ್ಲ. ಹಾಗಾಗಿ ಸರ್ವರ್ ಮಲಗಿದ ಮೇಲೆ ಯುಪಿಎಸ್ ಕೂಡ ತನ್ನ ಲೈನ್ ಕಡಿಯುವಂತೆ ನಟ್‌ಗೆ ಹೇಳಿಡಬೇಕು. ನಾವು ಒಂದು ಶನಿವಾರ ಎಲ್ಲರೂ ಫೈಲು ಮುಚ್ಚಿದ ಮೇಲೆ ಗೋಡೆಯ ಸ್ವಿಚ್ ಆರಿಸಿ ಕಾದು ನೋಡಿದೆವು. ಬ್ಯಾಟರಿ ತಗ್ಗಿತು, ಸರ್ವರ್ ತಾನಾಗಿ ಆಫ್ ಆಯಿತು, ಯುಪಿಎಸ್ ಸುಮ್ಮನಾಯಿತು. ಸ್ವಿಚ್ ಮತ್ತೆ ಹಾಕಿದೆವು. ಸ್ವಲ್ಪ ಹೊತ್ತಿಗೆ ಸರ್ವರ್ ಎದ್ದಿತು. ಕಿಟಕಿ ಪಕ್ಕದ ಅಕ್ಕ ಕೂತಲ್ಲಿಂದಲೇ ಒಂದು ಪುಟ ಪ್ರಿಂಟ್ ಕೊಟ್ಟರು, ಬಂತು.